ವೋಟು ಅಷ್ಟೇ, ಸೀಟು ಮಾತ್ರ ಮೂವತ್ತೆಂಟು ಕಮ್ಮಿ

2018ರಲ್ಲಿ ಬಿಜೆಪಿಗೆ ರಾಜ್ಯದಲ್ಲಿ ಬಿದ್ದ ವೋಟು ಶೇ. 36ರ ಆಸುಪಾಸು. 2023ರಲ್ಲೂ ಶೇ. 36ರ ಆಸುಪಾಸೇ. ಮೊದಲ ಸಲ 104 ಸೀಟು, ಎರಡನೇ ಸಲ 66. ಜನ ತಿರಸ್ಕರಿಸಿದರು ಅಂತ ಟೀವಿಯಲ್ಲಿ ಗಂಟೆಗಟ್ಟಲೆ ಚರ್ಚೆ ಆಯಿತು. ಯಾವ ಜನ ಸ್ವಾಮಿ?

ಕಾಂಗ್ರೆಸ್ಸಿನದು ಇನ್ನೂ ವಿಚಿತ್ರ. 2013ರಲ್ಲಿ ಶೇ. 36.6 ವೋಟಿಗೆ 122 ಸೀಟು ಬಂತು. ಯಡಿಯೂರಪ್ಪ ಕೆಜೆಪಿ ಕಟ್ಟಿ ಬಿಜೆಪಿಯ ವೋಟು ಒಡೆದಿದ್ದರು. ಐದು ವರ್ಷ ಆಳಿದ ಮೇಲೆ ವೋಟು ಶೇ. 38ಕ್ಕೆ ಏರಿತು, ಸೀಟು 80ಕ್ಕೆ ಇಳಿಯಿತು. 2008ರಲ್ಲೂ ಹೆಚ್ಚು ವೋಟು ಬಿದ್ದದ್ದು ಕಾಂಗ್ರೆಸ್ಸಿಗೆ, ಹೆಚ್ಚು ಸೀಟು ಬಂದದ್ದು ಬಿಜೆಪಿಗೆ. ಹಾಗಾಗಿ ಇದನ್ನು ಯಾವ ಪಕ್ಷದ ಪರವಾಗಿಯೂ ಬರೆಯುತ್ತಿಲ್ಲ. ಇಬ್ಬರಿಗೂ ಸರದಿಯಂತೆ ಅನ್ಯಾಯವಾಗಿದೆ, ಇಬ್ಬರೂ ಸರದಿಯಂತೆ ಬಾಯಿ ಮುಚ್ಚಿಕೊಂಡು ಕೂತಿದ್ದಾರೆ.

ಕ್ಷೇತ್ರದಲ್ಲಿ ಒಂದು ವೋಟು ಮುಂದಿದ್ದವನಿಗೆ ಪೂರ್ತಿ ಸೀಟು, ಉಳಿದವರಿಗೆ ಸೊನ್ನೆ. ಒಂದು ವೋಟು ಅಂದದ್ದು ಮಾತಿಗಲ್ಲ. 2004ರಲ್ಲಿ ಸಂತೇಮರಹಳ್ಳಿಯಲ್ಲಿ ಧ್ರುವನಾರಾಯಣ ಅವರಿಗೆ 40,752, ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಅದೇ ಕೃಷ್ಣಮೂರ್ತಿ 2023ರಲ್ಲಿ ಕೊಳ್ಳೇಗಾಲದಲ್ಲಿ 59 ಸಾವಿರಕ್ಕೂ ಹೆಚ್ಚು ಅಂತರದಲ್ಲಿ ಗೆದ್ದರು. ಆವತ್ತೇ ರಾತ್ರಿ ಬೆಂಗಳೂರಿನ ಜಯನಗರದಲ್ಲಿ ಮರುಎಣಿಕೆಯ ನಂತರ ಬಿಜೆಪಿ 16 ವೋಟಿನಿಂದ ಗೆದ್ದಿತು. ಸದನದಲ್ಲಿ ಎರಡಕ್ಕೂ ಒಂದೊಂದೇ ಕುರ್ಚಿ. ಕೊಳ್ಳೇಗಾಲದ ಹೆಚ್ಚುವರಿ ವೋಟುಗಳಿಗೂ ಜಯನಗರದಲ್ಲಿ ಸೋತವರ ವೋಟುಗಳಿಗೂ ಬೆಲೆ ಒಂದೇ: ಏನೂ ಇಲ್ಲ. ಇನ್ನೂ ದೊಡ್ಡ ಉದಾಹರಣೆ ಬೇಕೆಂದರೆ 2014ರ ಉತ್ತರ ಪ್ರದೇಶ ನೋಡಿ. ಬಿಎಸ್‌ಪಿಗೆ ಅಲ್ಲಿ ಹೆಚ್ಚುಕಡಿಮೆ ಐದರಲ್ಲಿ ಒಂದು ವೋಟು ಬಿತ್ತು. 80 ಲೋಕಸಭಾ ಕ್ಷೇತ್ರಗಳಲ್ಲಿ ಒಂದೂ ದಕ್ಕಲಿಲ್ಲ.

ಪ್ರಮಾಣಾನುಗುಣ ಪ್ರಾತಿನಿಧ್ಯ, ಅಂದರೆ ವೋಟಿಗೆ ತಕ್ಕಷ್ಟು ಸೀಟು, ಅಂದ ಕೂಡಲೇ "ಸ್ಥಿರ ಸರ್ಕಾರ ಬರಲ್ಲ" ಅನ್ನುವವರಿದ್ದಾರೆ. ಈಗ ಬಂದಿದೆಯೇ? 2008ರಿಂದ 2013ರವರೆಗೆ ಒಂದೇ ಪಕ್ಷದ ಸರ್ಕಾರ, ಮೂವರು ಮುಖ್ಯಮಂತ್ರಿಗಳು. 2018ರ ನಂತರ ಇನ್ನೊಂದು ಸುತ್ತು. 2019ರಲ್ಲಿ 17 ಶಾಸಕರನ್ನು ಕಳೆದುಕೊಂಡು ಸಮ್ಮಿಶ್ರ ಸರ್ಕಾರ ಬಿತ್ತು. ರೆಸಾರ್ಟ್ ರಾಜಕಾರಣ ಕಲಿಯಲು ನಮಗೆ ಹೊಸ ಪದ್ಧತಿ ಬೇಕಾಗಿರಲಿಲ್ಲ. ಹಾಗಂತ ಮುಚ್ಚಿಡುವುದಿಲ್ಲ: ವೋಟಿಗೆ ತಕ್ಕ ಸೀಟು ಕೊಟ್ಟಿದ್ದರೆ 2023ರಲ್ಲಿ ಶೇ. 42.9 ಪಡೆದ ಕಾಂಗ್ರೆಸ್ಸಿಗೆ 135 ಬದಲು ನೂರರ ಆಚೀಚೆ ಬರುತ್ತಿತ್ತು, ಇನ್ನೊಬ್ಬರ ಬೆಂಬಲ ಬೇಕಾಗುತ್ತಿತ್ತು. ಬೇಕಾಗಲಿ. ನೂರರಲ್ಲಿ 57 ಜನ ಬೇರೆಯವರಿಗೆ ವೋಟು ಹಾಕಿದ್ದಾರೆಂದರೆ ಯಾರ ಜೊತೆಗಾದರೂ ಮಾತಾಡಲೇಬೇಕು.

ನನಗೆ ನಿಜವಾಗಿ ತೂಕದ ಆಕ್ಷೇಪ ಅನ್ನಿಸುವುದು ಇನ್ನೊಂದು. ಕ್ಷೇತ್ರಗಳನ್ನೇ ತೆಗೆದು, ಪಕ್ಷಗಳು ಕೊಟ್ಟ ಹೆಸರುಗಳ ಪಟ್ಟಿಯಿಂದ ವೋಟಿಗೆ ತಕ್ಕಂತೆ ಶಾಸಕರನ್ನು ಆರಿಸುವ ಬರೀ ಪಟ್ಟಿ ಪದ್ಧತಿ ತಂದರೆ "ನಮ್ಮ ಎಂಎಲ್‌ಎ" ಅನ್ನುವವರೇ ಇರುವುದಿಲ್ಲ. ಬೋರ್‌ವೆಲ್‌ಗೆ, ಆಸ್ಪತ್ರೆ ಶಿಫಾರಸಿಗೆ, ಕೊನೆಗೆ ಮಗಳ ಮದುವೆ ಕರೆಯೋಲೆ ಕೊಡುವುದಕ್ಕೆ ಹೋಗಿ ನಿಲ್ಲುವ ಬಾಗಿಲು ಅದು. ಅದನ್ನು ಕಿತ್ತುಕೊಂಡರೆ ಹಳ್ಳಿಯವರು ಒಪ್ಪುವುದಿಲ್ಲ, ಒಪ್ಪಬಾರದು ಕೂಡ. ಆದ್ದರಿಂದಲೇ ಮಿಶ್ರ ಪದ್ಧತಿ: ಕ್ಷೇತ್ರವೂ ಇರಲಿ, ಪಟ್ಟಿಯೂ ಇರಲಿ. ಜರ್ಮನಿಯಲ್ಲಿ ಬಹಳ ಕಾಲದಿಂದ ಇದೆ. ನ್ಯೂಜಿಲೆಂಡಿನಲ್ಲಿ 1978ರಲ್ಲೂ 1981ರಲ್ಲೂ ಹೆಚ್ಚು ವೋಟು ಪಡೆದ ಲೇಬರ್ ಪಕ್ಷ ಸೋತಿತ್ತು. 1993ರ ಜನಮತಗಣನೆಯಲ್ಲಿ ಜನ ಪದ್ಧತಿಯನ್ನೇ ಬದಲಾಯಿಸಿದರು. ಅಲ್ಲಿ ಮತದಾರನಿಗೆ ಎರಡು ವೋಟು, ಒಂದು ಕ್ಷೇತ್ರದ ಅಭ್ಯರ್ಥಿಗೆ, ಒಂದು ಪಕ್ಷಕ್ಕೆ. ಕ್ಷೇತ್ರಗಳಲ್ಲಿ ಆದ ಏರುಪೇರನ್ನು ಪಟ್ಟಿಯ ಸೀಟುಗಳು ಸರಿದೂಗಿಸುತ್ತವೆ.

ಸಂವಿಧಾನ ಸಭೆಯಲ್ಲೂ ಈ ಪ್ರಶ್ನೆ ಎದ್ದಿತ್ತು. 1949ರ ಜನವರಿಯಲ್ಲಿ ಕಾಜಿ ಸಯ್ಯದ್ ಕರೀಮುದ್ದೀನ್ ಪ್ರಮಾಣಾನುಗುಣ ಪ್ರಾತಿನಿಧ್ಯ ಬೇಕೆಂದು ತಿದ್ದುಪಡಿ ತಂದರು. ಸಾಕ್ಷರತೆ ಇಲ್ಲದ ದೇಶದಲ್ಲಿ ಇದು ನಡೆಯದು, ಸರ್ಕಾರವೂ ನಿಲ್ಲದು ಎಂದು ಅಂಬೇಡ್ಕರ್ ಉತ್ತರಿಸಿದರು. ಆಗ ಸಾಕ್ಷರತೆ ಶೇ. 20ನ್ನೂ ಮುಟ್ಟಿರಲಿಲ್ಲ, ಆ ಮಾತು ಆ ಕಾಲಕ್ಕೆ ಸರಿಯೇ ಇತ್ತು. ತಮಾಷೆ ಏನೆಂದರೆ, ರಾಜ್ಯಸಭೆಗೆ, ವಿಧಾನ ಪರಿಷತ್ತಿಗೆ ಸದಸ್ಯರನ್ನು ಆರಿಸುವಾಗ ನಮ್ಮ ಶಾಸಕರು ಬಳಸುವುದು ಇದೇ ತತ್ತ್ವದ ಪ್ರಾಶಸ್ತ್ಯ ಮತ, ಅಂದರೆ ಅಭ್ಯರ್ಥಿಗಳಿಗೆ 1, 2, 3 ಎಂದು ಕ್ರಮ ಕೊಡುವ ಮತ. ತಮಗೆ ಬೇಕಾದ ನ್ಯಾಯ ಮತದಾರನಿಗೆ ಮಾತ್ರ ಬೇಡ. ಲೋಕಸಭೆಗೆ ಶೇ. 25ರಷ್ಟು ಸ್ಥಾನ ಸೇರಿಸಿ ಪಟ್ಟಿಯಿಂದ ತುಂಬಿ ಎಂದು ಕಾನೂನು ಆಯೋಗ 1999ರಲ್ಲೇ ಹೇಳಿತ್ತು. ಯಾವ ಸರ್ಕಾರವೂ ಅದನ್ನು ಕೈಗೆತ್ತಿಕೊಳ್ಳಲಿಲ್ಲ.

ಕರ್ನಾಟಕಕ್ಕೆ ನನ್ನ ಲೆಕ್ಕ ಇಷ್ಟು. 224 ಕ್ಷೇತ್ರಗಳು ಹಾಗೇ ಇರಲಿ, ಮೇಲೆ 75 ಸೀಟು ಪಟ್ಟಿಯಿಂದ ಬರಲಿ. ಶೇ. 5 ವೋಟು ದಾಟದ ಪಕ್ಷಕ್ಕೆ ಪಟ್ಟಿಯಲ್ಲಿ ಪಾಲಿಲ್ಲ. ಪಟ್ಟಿಯಲ್ಲಿ ಒಬ್ಬರು ಬಿಟ್ಟು ಒಬ್ಬರು ಮಹಿಳೆಯರಿರಲಿ. 2023ರಲ್ಲಿ ಗೆದ್ದ 224 ಜನರಲ್ಲಿ ಮಹಿಳೆಯರು ಬರೀ 10. ಹೈಕಮಾಂಡ್ ಹೊಗಳುಭಟ್ಟರನ್ನೇ ಮೇಲೆ ತುಂಬುತ್ತದೆ ಅನ್ನುವ ಭಯ ನನಗೂ ಇದೆ (ಬಿ ಫಾರಂ ಈಗ ಯಾರ ಕೈಯಲ್ಲಿದೆ ಅನ್ನುವುದು ಬೇರೆ ಮಾತು), ಅದಕ್ಕೇ ಪಟ್ಟಿಯೊಳಗಿನ ಹೆಸರನ್ನು ಮತದಾರನೇ ಗುರುತು ಮಾಡುವಂತಿರಬೇಕು. ಇನ್ನು ಪಟ್ಟಿ ಇಡೀ ರಾಜ್ಯಕ್ಕೆ ಒಂದೇ ಆಗಬಾರದು. ಬೆಂಗಳೂರು, ಮೈಸೂರು, ಬೆಳಗಾವಿ, ಕಲಬುರಗಿ ನಾಲ್ಕು ವಿಭಾಗಗಳಿಗೂ ಬೇರೆ ಬೇರೆ ಪಟ್ಟಿ ಇರಲಿ. ಇಲ್ಲದಿದ್ದರೆ ಆ 75ರಲ್ಲಿ 50 ಜನ ಸದಾಶಿವನಗರ, ಡಾಲರ್ಸ್ ಕಾಲೊನಿಯವರೇ ಆಗಿರುತ್ತಾರೆ, ಬೀದರಿನವರು ಮತ್ತೆ ಹೊರಗೇ.