ಮಾಡೆಲ್ ಇದ್ದ ಮೇಲೂ ಡ್ರಾಯಿಂಗ್ ಬೇಕಾ?

ಕಂಪ್ಯೂಟರಿನಲ್ಲಿ 3ಡಿ ಮಾಡೆಲ್ ರೆಡಿ ಇರುವಾಗ ಅದರಿಂದ ಮತ್ತೆ 2ಡಿ ಡ್ರಾಯಿಂಗ್ ತೆಗೆದು ವರ್ಕ್‌ಶಾಪಿಗೆ ಕೊಡಬೇಕೇ? ಇಬ್ಬರು ಬರೆದಿದ್ದಾರೆ.

ಪರ: ಶೀಟ್ ಇಲ್ಲದೆ ಮಷೀನಿಗೆ ಜಾಬ್ ಹಾಕುವುದಿಲ್ಲ

ಬೇಕು. ಬೇಕೇ ಬೇಕು. ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ ನನ್ನದೊಂದು ಸಣ್ಣ ಮಷೀನ್ ಶಾಪ್ ಇದೆ. ಎರಡು ಲೇತ್, ಒಂದು ವಿಎಂಸಿ (ಪ್ರೋಗ್ರಾಂ ಹಾಕಿ ಓಡಿಸುವ ಮಿಲ್ಲಿಂಗ್ ಮಷೀನ್), ಐದು ಜನ ಹುಡುಗರು. ಈ ಮಾತನ್ನು ನಾನು ದುಡ್ಡು ಕಳೆದುಕೊಂಡು ಕಲಿತಿದ್ದೇನೆ, ಅದಕ್ಕೇ ಮೊದಲು ಆ ಕತೆ ಹೇಳಿಬಿಡುತ್ತೇನೆ.

ಮೂರು ವರ್ಷದ ಹಿಂದೆ ಮಂಡ್ಯ ಕಡೆಯ ಗಿರಾಕಿಯೊಬ್ಬರು ಬಂದರು. ಕಬ್ಬಿನ ಹಾಲು ತೆಗೆಯುವ ಮಷೀನಿಗೆ ಬೇರಿಂಗ್ ಹೌಸಿಂಗ್, ಅಂದರೆ ಬೇರಿಂಗ್ ಕೂರುವ ಮನೆ, ಬೇಕು, 40 ಪೀಸ್. ಕಾಸ್ಟಿಂಗ್ (ಎರಕ ಹೊಯ್ದ ಪೀಸ್) ಅವರೇ ಕೊಡುತ್ತಾರೆ, ಮಷೀನಿಂಗ್ ನಮ್ಮದು. ಡ್ರಾಯಿಂಗ್ ಕೊಡಿ ಅಂದೆ. "ಸ್ಟೆಪ್ ಫೈಲ್ ಕಳಿಸಿದ್ದೀವಲ್ಲ ಸಾರ್, ಎಲ್ಲಾ ಅದರಲ್ಲೇ ಇದೆ" ಅಂದರು. ಸ್ಟೆಪ್ ಅಂದರೆ ಒಂದು ಸಾಫ್ಟ್‌ವೇರಿನಿಂದ ಇನ್ನೊಂದಕ್ಕೆ 3ಡಿ ಮಾಡೆಲ್ ಕಳಿಸುವ ಫೈಲ್. ನಾನು ಒಪ್ಪಿಕೊಂಡೆ. ಆ ವಾರ ಮನೆಯಲ್ಲಿ ಮದುವೆ, ನಾನು ಶಾಪಿನಲ್ಲಿ ಇರಲಿಲ್ಲ. ಹುಡುಗರು ಫೈಲ್ ತೆಗೆದು, ಅಳತೆ ನೋಡಿ, ಪ್ರೋಗ್ರಾಂ ಹಾಕಿ 40 ಪೀಸನ್ನೂ ಮುಗಿಸಿಬಿಟ್ಟರು.

ಮಾಡೆಲ್‌ನಲ್ಲಿ ಬೋರ್, ಅಂದರೆ ಬೇರಿಂಗ್ ಕೂರುವ ತೂತು, 62 ಅಂತ ಇತ್ತು. 6206 ಬೇರಿಂಗ್, ಅದರ ಹೊರ ಅಳತೆ 62 ಮಿ.ಮೀ., ಸರಿಯಾಗೇ ಇದೆ. ಆದರೆ ಮಾಡೆಲ್‌ನಲ್ಲಿ 62 ಅಂದರೆ ಬರೀ 62. ಎಷ್ಟು ಹೆಚ್ಚಾದರೆ ನಡೆಯುತ್ತೆ, ಎಷ್ಟು ಕಮ್ಮಿಯಾದರೆ ನಡೆಯುತ್ತೆ ಅಂತ, ಅಂದರೆ ಟಾಲರೆನ್ಸ್ ಎಷ್ಟು ಅಂತ, ಆ ಫೈಲ್ ಹೇಳಲಿಲ್ಲ. ಯಾವ ಮಷೀನೂ ಪ್ರತಿ ಸಲ ಕರೆಕ್ಟಾಗಿ 62 ತೆಗೆಯೋದಿಲ್ಲ ಅಲ್ವಾ? ಕೆಲವು 62.02 ಬಂದವು, ಕೆಲವು 62.06, ಒಂದೆರಡು 62.08. ಟಾಲರೆನ್ಸ್ ಬರೆಯದ ಅಳತೆಗಳಿಗೆ ಹಾಕುವ ಅಂತರರಾಷ್ಟ್ರೀಯ ನಿಯಮ ಐಎಸ್ಒ 2768ರ ಮೀಡಿಯಂ ಕ್ಲಾಸ್ ಹಿಡಿದರೆ ಈ ಸೈಜಿಗೆ ಹೆಚ್ಚು ಕಮ್ಮಿ 0.3 ನಡೆಯುತ್ತೆ. ಆ ಲೆಕ್ಕದಲ್ಲಿ ಅಷ್ಟೂ ಪೀಸ್ ಪಾಸ್. ಆದರೆ ಬೇರಿಂಗ್ ಕೂರಬೇಕಾದರೆ ಅಲ್ಲಿಗೆ 62 ಎಚ್7 ಬೇಕಿತ್ತು, ಅಂದರೆ 62.000ದಿಂದ 62.030ರ ಒಳಗೆ. ಕೂದಲಿನ ಅರ್ಧ ದಪ್ಪದಷ್ಟೂ ಇಲ್ಲದ ಜಾಗ ಅದು. 17 ಪೀಸಿನಲ್ಲಿ ಬೇರಿಂಗ್ ಬೆರಳಲ್ಲಿ ಒತ್ತಿದರೆ ಒಳಗೆ ಹೋಗಿ ಗಿರಗಿರ ತಿರುಗುತ್ತಿತ್ತು.

ಇನ್ನೊಂದು. ಬೇಸಿನಲ್ಲಿ ನಾಲ್ಕು ತೂತು, 8.5 ಮಿ.ಮೀ. ಹುಡುಗರು 8.5 ಡ್ರಿಲ್ ಹೊಡೆದು ಬಿಟ್ಟರು. ಅದು ಎಂ10 ಟ್ಯಾಪ್ ಹೊಡೆಯುವ, ಅಂದರೆ 10 ಮಿ.ಮೀ. ಬೋಲ್ಟಿಗೆ ತೂತಿನೊಳಗೆ ಥ್ರೆಡ್ ಕೊರೆಯುವ, ಮುಂಚಿನ ಡ್ರಿಲ್ ಸೈಜ್. ಡಿಸೈನ್ ಮಾಡಿದವರು ತಮ್ಮ ಸಾಫ್ಟ್‌ವೇರಿನಲ್ಲಿ ಥ್ರೆಡ್ ಅಂತ ಗುರುತು ಹಾಕಿದ್ದರಂತೆ. ಆದರೆ ಆ ಗುರುತು ನೋಡಲಿಕ್ಕೆ ಮಾತ್ರ ಇರುವಂಥದ್ದು. ಸ್ಟೆಪ್ ಫೈಲ್ ಮಾಡುವಾಗ ಅದು ಬಿದ್ದುಹೋಗಿದೆ, ನಮಗೆ ಬಂದಿದ್ದು ಸುಮ್ನೆ ನುಣುಪು ತೂತು. ಟ್ಯಾಪ್ ಆಮೇಲೆ ಹೊಡೆದುಕೊಟ್ಟೆವು. ದೊಡ್ಡದಾದ ಬೋರನ್ನು ಏನು ಮಾಡೋಣ? ಆ 17 ಪೀಸಿನ ಕೂಲಿ ಹೋಯಿತು, ಕಾಸ್ಟಿಂಗಿನ ದುಡ್ಡನ್ನೂ ನನ್ನ ಬಿಲ್ಲಿನಲ್ಲಿ ಹಿಡಿದುಕೊಂಡರು. ತಪ್ಪು ಯಾರದು ಅಂತ ತೋರಿಸಲು ಒಂದು ಹಾಳೆ ಇರಲಿಲ್ಲ ನನ್ನ ಹತ್ತಿರ.

ಒಂದೇ ಒಂದು ಎ3 ಶೀಟ್ ಇದ್ದಿದ್ದರೆ ಇದ್ಯಾವುದೂ ಆಗುತ್ತಿರಲಿಲ್ಲ.

ಡ್ರಾಯಿಂಗ್ ತೆಗೆಯೋದು ಅಂದರೆ ಬಟನ್ ಒತ್ತಿ ಮೂರು ವ್ಯೂ (ಮುಂದಿನಿಂದ, ಮೇಲಿನಿಂದ, ಪಕ್ಕದಿಂದ ಕಾಣುವ ಚಿತ್ರ) ಇಳಿಸುವುದು ಅಂತ ತುಂಬಾ ಜನ ತಿಳಿದಿದ್ದಾರೆ. ವ್ಯೂಗಳೇನೋ ಒಂದು ನಿಮಿಷದಲ್ಲಿ ಬರುತ್ತವೆ. ಮಾಡೆಲ್‌ನ ಅಳತೆಗಳೂ ತಾವಾಗೇ ಬಂದು ಕೂರುತ್ತವೆ. ಆದರೆ ಅವು ಡಿಸೈನರ್ ಸ್ಕೆಚ್ ಹಾಕುವಾಗ ಕೊಟ್ಟ ಅಳತೆಗಳು, ನಮಗೆ ಬೇಕಾದ ಅಳತೆಗಳಲ್ಲ. ಇದೇ ಹೌಸಿಂಗ್ ತಗೊಳ್ಳಿ. ಎರಡು ಹೌಸಿಂಗ್ ಎದುರುಬದುರು ಕೂತು ಒಂದೇ ಶಾಫ್ಟ್ ಹೊರಬೇಕು. ಹಾಗಾಗಿ ತಳದಿಂದ ಬೋರಿನ ಸೆಂಟರಿಗೆ ಎಷ್ಟು ಎತ್ತರ ಎನ್ನುವುದೇ ಆ ಜಾಬಿನ ಜೀವ. ಡಿಸೈನರ್ ಸ್ಕೆಚ್ ಶುರು ಮಾಡಿದ್ದು ಮೇಲಿನಿಂದ. ತಳದ ಎತ್ತರ ಬೇಕಾದರೆ ನಾವು ಕಳೆದು ಲೆಕ್ಕ ಹಾಕಬೇಕು. ಡ್ರಾಯಿಂಗ್ ತೆಗೆಯಲು ಕೂತವರು ತಳವನ್ನು ಡೇಟಮ್ (ಅಳತೆ ಶುರುವಾಗುವ ಜಾಗ) ಮಾಡಿ, ಅಲ್ಲಿಂದ ಎತ್ತರ ಕೊಟ್ಟು, ಅದರ ಪಕ್ಕ ಟಾಲರೆನ್ಸ್ ಬರೆಯುತ್ತಾರೆ. ಬೋರಿನ ಒಳಗಿನ ಮೆಟ್ಟಿಲು ಕಾಣಲಿ ಅಂತ ಒಂದು ಸೆಕ್ಷನ್, ಅಂದರೆ ಸೀಳಿದರೆ ಕಾಣುವ ಚಿತ್ರ, ಕೊಡುತ್ತಾರೆ. "ಇದನ್ನು ಎಲ್ಲಿಂದ ಅಳೆಯುತ್ತಾರೆ?" ಅನ್ನುವ ಪ್ರಶ್ನೆ ಅವರ ತಲೆಗೆ ಬರುವುದು ಆಗಲೇ. ಎಷ್ಟೋ ಸಲ ಡಿಸೈನಿನ ತಪ್ಪು ಸಿಕ್ಕಿಬೀಳುವುದೂ ಅಲ್ಲೇ.

ನಮ್ಮ ಶಾಪಿಗೆ ಬಂದು ನೋಡಿ. ವಿಎಂಸಿ ಬಾಗಿಲಿಗೆ ಪ್ಲಾಸ್ಟಿಕ್ ಕವರಿನಲ್ಲಿ ಶೀಟ್, ಮೇಲೆ ಎರಡು ಮ್ಯಾಗ್ನೆಟ್. ನಮ್ಮ ಹಿರಿಯ ಆಪರೇಟರ್ ಕೆಂಪು ಪೆನ್ನಿನಲ್ಲಿ ಒಂದೊಂದು ಅಳತೆಗೂ ಸುತ್ತು ಹಾಕಿ ನಂಬರ್ ಬರೆದಿರುತ್ತಾರೆ, ಅದೇ ನಂಬರಿನಲ್ಲಿ ಚೆಕಿಂಗ್ ನಡೆಯುತ್ತೆ. ಮಾಡೆಲ್ ಸಾಕು ಅನ್ನುವವರು ಎಸಿ ರೂಮ್ ಬಿಟ್ಟು ಹೊರಗೆ ಬಂದಿಲ್ಲ. ಒಂದು ಕೈಯಲ್ಲಿ ಬೋರ್ ಗೇಜ್, ಇನ್ನೊಂದು ಕೈಗೆ ಕೂಲೆಂಟ್ ಮೆತ್ತಿದೆ, ಆಪರೇಟರ್ ಯಾವಾಗ ಮೌಸ್ ಹಿಡಿದು ಮಾಡೆಲ್ ತಿರುಗಿಸಬೇಕು? ಮಾಡೆಲ್ ಮೇಲೇ ಟಾಲರೆನ್ಸ್ ಬರೆಯಬಹುದು ಅಂತಾರೆ. ಇಷ್ಟು ವರ್ಷದಲ್ಲಿ ನನಗೆ ಬಂದ ಒಂದು ಫೈಲಿನಲ್ಲೂ ಯಾರೂ ಬರೆದು ಕಳಿಸಿಲ್ಲ.

ಆ ಗಿರಾಕಿ ಈಗಲೂ ಕೆಲಸ ಕೊಡುತ್ತಾರೆ. ಮೇಲ್‌ನಲ್ಲಿ ಸ್ಟೆಪ್ ಫೈಲಿನ ಜೊತೆ ಪಿಡಿಎಫ್ ಇಲ್ಲದಿದ್ದರೆ ನಾನು ರೇಟೇ ಹೇಳುವುದಿಲ್ಲ.

ವಿರೋಧ: ಒಂದು ಜಾಬಿಗೆ ಎರಡು ದಾಖಲೆ ಯಾಕೆ?

ಡ್ರಾಯಿಂಗ್ ಬೇಡ ಅನ್ನುವ ಕಡೆ ಬರೆಯಿರಿ ಅಂತ ನನ್ನನ್ನು ಕೇಳಿದರು. ಪೂರ್ತಿ ಬೇಡ ಅನ್ನುವವಳು ನಾನಲ್ಲ. ಮೈಸೂರಿನ ಹೂಟಗಳ್ಳಿಯ ಆಫೀಸಿನಲ್ಲಿ ಡಿಸೈನ್ ಕೆಲಸ ನನ್ನದು, ಈಗಲೂ ವಾರಕ್ಕೆ ಹತ್ತು ಶೀಟ್ ತೆಗೆಯುತ್ತೇನೆ. ಆದರೆ ಅದರಲ್ಲಿ ಎಷ್ಟು ಹೊತ್ತು ಹೋಗುತ್ತೆ ಅನ್ನುವುದು ನನಗೇ ಗೊತ್ತು. ಎಷ್ಟೋ ಪಾರ್ಟುಗಳಿಗೆ ಮಾಡೆಲ್ ಒಂದು ದಿನದ ಕೆಲಸವಾದರೆ ಡ್ರಾಯಿಂಗ್ ಎರಡು ದಿನದ್ದು.

ದೊಡ್ಡ ತೊಂದರೆ ಅಂದರೆ ಎರಡೂ ಒಂದೇ ಮಾತು ಹೇಳದೆ ಇರುವುದು. ಸಾಫ್ಟ್‌ವೇರಿನ ಒಳಗೆ ಇರುವ ತನಕ ಮಾಡೆಲ್ ಬದಲಾದರೆ ಡ್ರಾಯಿಂಗೂ ಬದಲಾಗುತ್ತೆ. ಪಿಡಿಎಫ್ ಮಾಡಿ ಕಳಿಸಿದ ಕ್ಷಣ ಆ ನಂಟು ಕಡಿದುಹೋಯಿತು. ಒಂದು ಬ್ರಾಕೆಟ್‌ನಲ್ಲಿ ತೂತಿನ ಅಂತರವನ್ನು 110ರಿಂದ 115 ಮಾಡಿದ್ದೆವು. ಹೊಸ ಮಾಡೆಲ್ ಹೋಯಿತು, ವರ್ಕ್‌ಶಾಪಿನ ಗೋಡೆಯಲ್ಲಿ ಹಳೇ ಶೀಟೇ ಉಳಿಯಿತು. ಪ್ರೋಗ್ರಾಂ ಹೊಸ ಮಾಡೆಲ್‌ನಿಂದ ಮಾಡಿದರು, ಚೆಕಿಂಗ್ ಹಳೇ ಶೀಟ್ ಹಿಡಿದು ಮಾಡಿದರು. ಸರಿಯಾದ ಪೀಸುಗಳೆಲ್ಲ ರಿಜೆಕ್ಟ್ ಅಂತ ಪಕ್ಕಕ್ಕೆ ಬಿದ್ದಿದ್ದವು.

ಟಾಲರೆನ್ಸ್, ಡೇಟಮ್, ಸರ್ಫೇಸ್ ಫಿನಿಶ್ (ಮೈ ಎಷ್ಟು ನುಣುಪು) ಎಲ್ಲವನ್ನೂ ಮಾಡೆಲ್ ಮೇಲೇ ಬರೆಯಲು ನಿಯಮಗಳು ಬಂದು ಸುಮಾರು ವರ್ಷ ಆಯಿತು. ಅಮೆರಿಕದ ಎಎಸ್ಎಂಇ ವೈ14.41 ಬಂದಿದ್ದು 2003ರಲ್ಲಿ, ಐಎಸ್ಒ 16792 ಬಂದಿದ್ದು 2006ರಲ್ಲಿ. 2014ರ ಹೊಸ ರೀತಿಯ ಸ್ಟೆಪ್ ಫೈಲ್, ಎಪಿ 242ರಲ್ಲಿ, ಈ ಬರಹಗಳು ಫೈಲಿನ ಜೊತೆಗೇ ಹೋಗುತ್ತವೆ. ಹಳೇ ರೀತಿಯ ಸ್ಟೆಪ್ ಫೈಲ್ ಕಳಿಸಿ ಮಾಡೆಲ್‌ನಲ್ಲಿ ಏನೂ ಇಲ್ಲ ಅನ್ನುವುದು ಸರಿಯಲ್ಲ. ಇನ್ನು ಆಪರೇಟರ್‌ಗಳಿಗೆ ಸ್ಕ್ರೀನ್ ನೋಡಲು ಬರುವುದಿಲ್ಲ ಅನ್ನುವ ಮಾತು ಕೇಳಿದರೆ ಬೇಜಾರಾಗುತ್ತೆ. ದಿನವಿಡೀ ಸಿಎನ್‌ಸಿ (ಕಂಪ್ಯೂಟರ್ ನಡೆಸುವ) ಮಷೀನಿನ ಪ್ಯಾನೆಲ್ ಮುಂದೆ ನಿಲ್ಲುವವರು ಅವರೇ ತಾನೇ?

ಕೆಲವು ಜಾಬುಗಳಿಗೆ ಡ್ರಾಯಿಂಗ್ ಹಾಕಲು ಆಗುವುದೂ ಇಲ್ಲ. ಪ್ಲಾಸ್ಟಿಕ್ ಬಾಟಲಿಯ ಅಚ್ಚು ಇದೆ ಅನ್ನಿ. ಮೈಯೆಲ್ಲಾ ಬಾಗು, ಒಂದು ಕಡೆ ಇದ್ದ ಬಾಗು ಇನ್ನೊಂದು ಕಡೆ ಇಲ್ಲ. ಅದಕ್ಕೆ ಎಷ್ಟು ಸೆಕ್ಷನ್ ಕೊಟ್ಟರೂ ಎರಡು ಸೆಕ್ಷನ್ ನಡುವೆ ಏನಿದೆ ಅಂತ ಹಾಳೆ ಹೇಳುವುದಿಲ್ಲ. ಮಷೀನ್ ಓಡುವುದು ಮಾಡೆಲ್ ಹಿಡಿದು, ಸಿಎಂಎಂ ಅನ್ನುವ ಅಳತೆ ಮಷೀನಿನಲ್ಲಿ ತಾಳೆ ನೋಡುವುದೂ ಮಾಡೆಲ್ ಜೊತೆಗೇ. ಅಂಥ ಜಾಬಿಗೆ ನಾನು ಕಳಿಸುವ ಶೀಟಿನಲ್ಲಿ ಮೂರು ಹೊರ ಅಳತೆ, ಮೆಟೀರಿಯಲ್ ಹೆಸರು, ಟ್ಯಾಪ್ ಹೊಡೆಯುವ ತೂತುಗಳ ವಿವರ ಇರುತ್ತೆ. ಕೆಳಗೆ ಒಂದು ಸಾಲು: ಉಳಿದ ಅಳತೆಗಳಿಗೆ ಮಾಡೆಲ್ ನೋಡಿ.