ನಿಮ್ಮ ಪ್ರೀತಿಯ ಮಗ

ಫೆಬ್ರವರಿ ಬಂದರೆ ನಮ್ಮ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಪಾಠ ನಿಂತು 'ಪಾಸಿಂಗ್ ಪ್ಯಾಕೇಜ್' ಶುರುವಾಗುತ್ತದೆ. ಎಸ್ಸೆಸ್ಸೆಲ್ಸಿಯಲ್ಲಿ ಹೇಗಾದರೂ ದಡ ಸೇರಬೇಕಾದ ಮಕ್ಕಳಿಗೆ ಕೊಡುವ ಕೆಲವು ಪುಟಗಳ ಜೆರಾಕ್ಸ್ ಅದು. ಬಾಯಿಪಾಠಕ್ಕೊಂದು ಪದ್ಯ, ಒಂದೆರಡು ಪ್ರಬಂಧ, ಒಂದು ಪತ್ರ. ಹಂಚುವವಳು ನಾನೇ.

ಆ ಪತ್ರ ನನ್ನನ್ನು ಕಾಡುತ್ತದೆ. 'ನೀನು ಇಂಥ ಶಾಲೆಯ ಕಿರಣ್ ಅಥವಾ ಕಾವ್ಯ ಎಂದು ಭಾವಿಸಿಕೊಂಡು ತಂದೆಗೆ ಬರೆ' ಎಂಬುದು ಪ್ರಶ್ನೆ. ಪತ್ರದ ನಮೂನೆ ಸರಿಯಿದ್ದರೆ ಒಳಗೇನೂ ಇಲ್ಲದಿದ್ದರೂ ಒಂದೆರಡು ಅಂಕ ಸಿಗುತ್ತದೆ. ಹೋದ ವರ್ಷ ಒಬ್ಬ ಹುಡುಗಿ ಕೊನೆಯಲ್ಲಿ 'ನಿಮ್ಮ ಪ್ರೀತಿಯ ಮಗ' ಎಂದು ಬರೆದಿದ್ದಳು. ಜೆರಾಕ್ಸ್‌ನಲ್ಲಿ ಹಾಗೆಯೇ ಇತ್ತು. ಮೂರು ಪೂರ್ವಸಿದ್ಧತಾ ಪರೀಕ್ಷೆಗಳಲ್ಲೂ ಹಾಗೆಯೇ ಬರೆದಿದ್ದಳು, ನಾನು ಟಿಕ್ ಹಾಕಿದ್ದೆ.

ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಕಲಿಸತೊಡಗಿದ್ದು 2007ರಲ್ಲಿ. ಹತ್ತು ವರ್ಷ ಕಲಿತ ಮಗು ತನ್ನ ಹೆಸರಿನಲ್ಲಿ, ತನ್ನ ಮನೆಯ ಬಗ್ಗೆ ಒಂದು ಇಂಗ್ಲಿಷ್ ವಾಕ್ಯವನ್ನೂ ಬರೆಯದೆ ಹೊರಗೆ ಹೋಗುತ್ತದೆ. ಜಾಣ ಮಕ್ಕಳೂ ಮೊದಲು ಕೇಳುವುದು, "ಮೇಡಂ, ಇದು ಪರೀಕ್ಷೆಗೆ ಬರುತ್ತದೆಯೇ?" ಬರುವುದಿಲ್ಲ ಎಂದರೆ ಪೆನ್ನು ಕೆಳಗಿಡುತ್ತಾರೆ. ಅಂಕ ಬಾರದವರಂತೂ 'ಇಂಗ್ಲಿಷ್ ನನ್ನ ತಲೆಗೆ ಹತ್ತುವುದಿಲ್ಲ' ಎಂದು ಹದಿನೈದನೇ ವಯಸ್ಸಿಗೇ ತೀರ್ಮಾನಿಸಿಬಿಡುತ್ತಾರೆ. ಸ್ಟಾರ್ಟರ್, ವೋಲ್ಟೇಜ್, ಬೋರ್‌ವೆಲ್ ಎಂದು ಅಪ್ಪನೊಂದಿಗೆ ತೋಟದಲ್ಲಿ ದಿನವಿಡೀ ಮಾತನಾಡುವ ಹುಡುಗನೂ ಹೀಗೇ ಹೇಳುತ್ತಾನೆ. ಆ ಪದಗಳು ಅವನ ಲೆಕ್ಕದಲ್ಲಿ ಇಂಗ್ಲಿಷೇ ಅಲ್ಲ!

ಪರೀಕ್ಷೆ ಬೇಡವೆನ್ನುವವಳು ನಾನಲ್ಲ. ಹಳ್ಳಿಯ ಮಗುವಿಗೂ ಪಟ್ಟಣದ ಮಗುವಿಗೂ ಒಂದೇ ಪ್ರಶ್ನೆಪತ್ರಿಕೆ ಸಿಗುವುದು ದೊಡ್ಡ ಮಾತು. ಮೌಲ್ಯಮಾಪಕರಿಗೆ ಗುರುತು ಸಿಗಬಾರದೆಂದೇ ಕಿರಣ್, ಕಾವ್ಯ ಬಂದಿರುವುದೂ ನಿಜ. ಆದರೆ 80 ಅಂಕಗಳ ಆ ಲಿಖಿತ ಪರೀಕ್ಷೆಯಲ್ಲಿ ಕಿವಿಗೂ ನಾಲಿಗೆಗೂ ಕೆಲಸವಿಲ್ಲ. ಉಳಿದ 20 ಆಂತರಿಕ ಅಂಕಗಳು ನಮ್ಮ ಕೈಯಲ್ಲೇ ಇವೆ, ಅವನ್ನೂ ನಾವು ಬರವಣಿಗೆಯಲ್ಲೇ ಮುಗಿಸುತ್ತೇವೆ. ಪ್ರತಿ ಮಗುವಿನೊಂದಿಗೆ ಐದು ನಿಮಿಷ ಇಂಗ್ಲಿಷಿನಲ್ಲಿ ಮಾತನಾಡಿ ಅದಕ್ಕೆ ಅಂಕ ಕೊಡಲು ನಮ್ಮನ್ನು ಯಾರು ತಡೆದಿದ್ದಾರೆ?

ಈ ಜೂನ್‌ನಲ್ಲಿ ಎಂಟನೆಯ ತರಗತಿಯವರಿಗೆ ಐವತ್ತು ಪೈಸೆಯ ಅಂಚೆ ಕಾರ್ಡು ಕೊಟ್ಟು, ನಿಮ್ಮ ಹೆಸರಿನಲ್ಲೇ ಬರೆಯಿರಿ ಎಂದೆ. "ಎಷ್ಟು ಅಂಕ ಮೇಡಂ?" ಎಂದರು. ಅಂಕವಿಲ್ಲ ಎಂದೆ. ತುಸು ಹೊತ್ತಿನ ಬಳಿಕ ಹಿಂದಿನ ಬೆಂಚಿನಿಂದ ಒಬ್ಬಳು, "ನಮ್ಮ ಅಜ್ಜಿಗೆ ಇಂಗ್ಲಿಷ್ ಬರುವುದಿಲ್ಲ ಮೇಡಂ, ಯಾರಿಗೆ ಬರೆಯಲಿ?" ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ. ಕೊನೆಗೆ ಪಕ್ಕದ ಊರಿನ ಶಾಲೆಯ ಎಂಟನೆಯ ತರಗತಿಗೆ ಬರೆದೆವು. 31 ಕಾರ್ಡುಗಳು. ಒಂದರಲ್ಲೂ ಕಿರಣ್ ಇರಲಿಲ್ಲ.