ಮಷೀನ್ ಮಾರೋಕೆ ಬರುತ್ತೆ, ಸೆಟ್ಟಿಂಗ್ ಹೇಳಿಕೊಡೋಕೆ ಬರಲ್ವಾ?

ಮೂರು ವಾರ ಆಯ್ತು. ಹುಬ್ಬಳ್ಳಿ ಗೋಕುಲ ರೋಡಿನ ನಮ್ಮ ಬಡಗಿ ವರ್ಕ್‌ಶಾಪಿನಲ್ಲಿ ಹೊಸ ಸಿಎನ್‌ಸಿ ರೂಟರ್, ಅಂದರೆ ಕಂಪ್ಯೂಟರ್ ಹೇಳಿದಂಗೆ ಮರ ಕೆತ್ತೋ ಮಷೀನ್, ಸುಮ್ನೆ ಕೂತಿದೆ. ಮಷೀನ್ ಕೆಟ್ಟಿಲ್ಲ. ಅದನ್ನು ನಡೆಸೋ ಸಾಫ್ಟ್‌ವೇರ್ ಸರಿಯಾಗಿ ಸೆಟ್ ಮಾಡಿಕೊಡೋಕೆ ಮಾರಿದವರಿಗೆ ಪುರುಸೊತ್ತಿಲ್ಲ, ಅಷ್ಟೇ.

ಕೊಳ್ಳೋ ಮುಂಚೆ ದಿನಕ್ಕೆ ನಾಲ್ಕು ಸಲ ಫೋನ್. "ಎಲ್ಲಾ ನಾವೇ ಮಾಡಿಕೊಡ್ತೀವಿ ಸರ್, ನೀವು ಬಟನ್ ಒತ್ತಿದ್ರೆ ಸಾಕು" ಅಂದರು. ಹೊಸ ಲ್ಯಾಪ್‌ಟಾಪ್ ತಗೊಳ್ಳಿ ಅಂದವರೂ ಅವರೇ. ಮಷೀನ್ ಬಂದ ಮೇಲೆ ನೋಡಿದರೆ ಅದನ್ನು ಕಂಪ್ಯೂಟರ್‌ಗೆ ಜೋಡಿಸೋ ಬೋರ್ಡು ಹಳೇ ಪ್ರಿಂಟರ್ ಪೋರ್ಟಿನದು! ಈಗಿನ ಯಾವ ಲ್ಯಾಪ್‌ಟಾಪಿನಲ್ಲಿ ಆ ಪೋರ್ಟ್ ಇರುತ್ತೆ ಹೇಳಿ. ಮಷೀನ್ ನಡೆಸೋ ಸಾಫ್ಟ್‌ವೇರ್ ಮ್ಯಾಕ್3 (Mach3) ಆ ಪೋರ್ಟಿನಿಂದ ಓಡಬೇಕಾದರೆ 32 ಬಿಟ್ ವಿಂಡೋಸ್ ಬೇಕು, 64 ಬಿಟ್‌ನಲ್ಲಿ ಅದರ ಡ್ರೈವರ್ ಕೆಲಸ ಮಾಡಲ್ಲ. ಇದನ್ನೇ ವ್ಯಾಪಾರ ಮಾಡಿಕೊಂಡವರಿಗೆ ಇಷ್ಟೂ ಗೊತ್ತಿರಲಿಲ್ವಾ? ನನ್ನ ದುಡ್ಡಲ್ಲಿ ಇನ್ನೊಂದು ಹಳೇ ಕಂಪ್ಯೂಟರ್ ತಂದೆ.

ಆಮೇಲೆ ಎನಿಡೆಸ್ಕ್ ನಂಬರ್ ಕೇಳಿ ಅವರ ಹುಡುಗ ದೂರದಿಂದಲೇ ನನ್ನ ಕಂಪ್ಯೂಟರ್ ಒಳಗೆ ಬಂದ. ಹತ್ತು ನಿಮಿಷ ಏನೇನೋ ಒತ್ತಿದ, ಮುಗೀತು ಸರ್ ಅಂದ. ಏನು ಬದಲಾಯಿಸಿದೆ ಅಂತ ಕೇಳಿದರೆ "ಅದೆಲ್ಲ ನಿಮಗೆ ಬೇಡ ಸರ್". ನನ್ನ ಮಷೀನ್, ನನ್ನ ಸಾಲ, ನನಗೆ ಬೇಡ್ವಂತೆ! ಎಂಡಿಎಫ್ ಹಲಗೆ ಮೇಲೆ ಮಷೀನಿನಿಂದ 100 ಮಿ.ಮೀ. ಗೆರೆ ಹೊಡೆದೆ, 50 ಬಂತು. ಮತ್ತೆ ಫೋನ್ ಮಾಡಿದರೆ "ಟೇಪ್ ಸರಿಯಾಗಿ ಹಿಡೀರಿ" ಅನ್ನುತ್ತಾನೆ. ಇಪ್ಪತ್ತು ವರ್ಷದಿಂದ ಬಡಗಿ ಕೆಲಸ ಮಾಡ್ತಿದೀನಿ, ನನಗೆ ಟೇಪ್ ಹಿಡಿಯೋದು ಕಲಿಸ್ತಾನೆ.

ಕೊನೆಗೆ ಕೈ ಹಿಡಿದವರು ತಾರಿಹಾಳದಲ್ಲಿ ಸಿಎನ್‌ಸಿ ನಡೆಸೋ ಒಬ್ಬ ಅಣ್ಣ. ಶಿಫ್ಟ್ ಮುಗಿಸಿ, ಊಟಾನೂ ಮಾಡದೆ ಬಂದರು. "ಬರ್ಕೋ ತಮ್ಮಾ, ನಾಳೆ ಯಾರನ್ನೂ ಕೇಳೂದು ಬ್ಯಾಡ" ಅಂತ ಪೆನ್ಸಿಲ್ ತಗೊಂಡು ಹಲಗೆ ಮೇಲೇ ಲೆಕ್ಕ ಹಾಕಿದರು. ಮೋಟಾರ್ ಒಂದು ಸುತ್ತಿಗೆ 200 ಸ್ಟೆಪ್, ಅಂದರೆ 200 ಸಣ್ಣ ಹೆಜ್ಜೆ. ಮೋಟಾರ್ ತಿರುಗಿಸೋ ಡ್ರೈವರ್ ಡಬ್ಬಿಯಲ್ಲಿ ಒಂದೊಂದು ಸ್ಟೆಪ್ಪನ್ನೂ 8 ಭಾಗ ಮಾಡಿದೆ, ಅಲ್ಲಿಗೆ 1600. ಸ್ಕ್ರೂ ಒಂದು ಸುತ್ತು ತಿರುಗಿದರೆ ಮಷೀನ್ 5 ಮಿ.ಮೀ. ಸರಿಯುತ್ತೆ. ಅಂದರೆ ಒಂದು ಮಿ.ಮೀ.ಗೆ 320, ಸಾಫ್ಟ್‌ವೇರ್‌ನಲ್ಲಿ ಹಾಕಬೇಕಾದ ಸಂಖ್ಯೆ ಅದೇ. ಆ ಹುಡುಗ 160 ಹಾಕಿ ಹೋಗಿದ್ದ, 10 ಮಿ.ಮೀ. ಸ್ಕ್ರೂ ಇರೋ ಮಷೀನಿನ ಲೆಕ್ಕ ಅದು. ನಾಲ್ಕನೇ ಕ್ಲಾಸಿನ ಭಾಗಾಕಾರ. ಇದನ್ನು ಹೇಳಿಕೊಡೋಕೆ ಏನು ಕಷ್ಟ ಇತ್ತು?

ಅದಕ್ಕಿಂತ ಸಿಟ್ಟು ಬಂದಿದ್ದು ಆಮೇಲೆ. ಅಣ್ಣ ಕೆಂಪು ಎಮರ್ಜೆನ್ಸಿ ಬಟನ್ ಒತ್ತಿದರು. ಮಷೀನ್ ನಿಲ್ಲಲೇ ಇಲ್ಲ. ವೈರ್ ಎಳೆದಿದ್ದಾರೆ, ಆ ವೈರ್ ಯಾವ ಪಿನ್ನಿಗೆ ಬಂದಿದೆ ಅಂತ ಸಾಫ್ಟ್‌ವೇರ್‌ನಲ್ಲಿ ಹಾಕೇ ಇಲ್ಲ. ನಿಮಿಷಕ್ಕೆ 24,000 ಸುತ್ತು ತಿರುಗೋ ಸ್ಪಿಂಡಲ್, ಕೆತ್ತೋ ಬಿಟ್ ಹಿಡಿಯೋ ಮೋಟಾರ್, ಅದರ ಪಕ್ಕ ನಮ್ಮ ಹುಡುಗರು ದಿನಾ ನಿಲ್ಲೋರು. ಯಾರದಾದರೂ ಕೈ ಹೋಗಿದ್ದರೆ?

ಇಷ್ಟೆಲ್ಲ ಸರಿಮಾಡಿ ಗದಗಿನ ಗಿರಾಕಿಯ ದೇವರ ಮನೆ ಬಾಗಿಲಿನ ಬಳ್ಳಿ ಕೆತ್ತನೆಯ ಫೈಲ್ ಹಾಕಿದರೆ, ಮಷೀನಿಗೆ ಹೆಜ್ಜೆ ಹೆಜ್ಜೆಗೂ ಹೇಳೋ ಆ ಸಾಲುಗಳಲ್ಲಿ 500ರ ಆಚೆ ಹೋಗಲ್ಲ. ಲೈಸೆನ್ಸ್ ಹಾಕದ ಮ್ಯಾಕ್3ಗೆ ಅಷ್ಟೇ ಮಿತಿ. ನಮ್ಮ ಫೈಲಿನಲ್ಲಿ ಸಾವಿರಾರು ಸಾಲು ಇದೆ. ಬಿಲ್ಲಿನಲ್ಲಿ ಮಾತ್ರ "ಸಾಫ್ಟ್‌ವೇರ್ ಸಹಿತ" ಅಂತ ಬರೆದು ಪೂರ್ತಿ ದುಡ್ಡು ತಗೊಂಡಿದ್ದಾರೆ. ಲೈಸೆನ್ಸ್ ಕೇಳಿದರೆ ಫೋನ್ ಎತ್ತಲ್ಲ, ವಾಟ್ಸಾಪ್‌ನಲ್ಲಿ ನೋಡಿ ಸುಮ್ಮನಾಗ್ತಾರೆ.

ಗೃಹಪ್ರವೇಶಕ್ಕೆ ಆರು ದಿನ ಇದೆ. ಸಾಗವಾನಿ ಬಾಗಿಲನ್ನು ಈಗ ಉಳಿ ಹಿಡಿದು ಕೈಯಲ್ಲೇ ಕೆತ್ತುತ್ತಿದ್ದೇವೆ, ರಾತ್ರಿ ಹನ್ನೊಂದರವರೆಗೆ. ಮಷೀನಿನ ಕಂತು ಐದನೇ ತಾರೀಖಿಗೆ ಕಟ್ಟಬೇಕು.